ಮಿಲ್ಟ್ರಿಯವರು ಎದುರಾದಾಗ ಏನು ಮಾಡಬೇಕು, ಏನು ಬೇಡ: ಬೆಳಗಾವಿ ಸೀಮೆಗೊಂದು ಮಾರ್ಗದರ್ಶಿ

ಬೆಳಗಾವಿಯಲ್ಲಿ ಸಮವಸ್ತ್ರ ಕಣ್ಣಿಗೆ ಬೀಳದ ದಿನವಿಲ್ಲ. ಕ್ಯಾಂಪಿನಲ್ಲಿ ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಸೆಂಟರ್ ಇದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ, ಹಾಲಭಾವಿಯಲ್ಲಿ ಐಟಿಬಿಪಿ, ಖಾನಾಪುರ ಕಡೆ ಸಿಆರ್‌ಪಿಎಫ್‌ನ ಕೋಬ್ರಾ ಕಮಾಂಡೊ ತರಬೇತಿ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ, ವಿಜಯಪುರದಲ್ಲಿ 1963ರಿಂದ ನಡೆದುಬಂದ ಸೈನಿಕ ಶಾಲೆ. ಬಾಗಲಕೋಟೆ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮನೆಯ ಗೋಡೆ ಮೇಲೆ ದೇವರ ಫೋಟೊದ ಪಕ್ಕ ಮಗನ ಕಸಮ್ ಪರೇಡಿನ (ತರಬೇತಿ ಮುಗಿಸಿ ಪ್ರಮಾಣ ಮಾಡುವ ಪರೇಡಿನ) ಫೋಟೊ ತೂಗುತ್ತದೆ. ಇಷ್ಟೆಲ್ಲ ಇದ್ದೂ ಸಮವಸ್ತ್ರದವರು ಎದುರಾದಾಗ ನಮ್ಮ ನಡತೆ ಎರಡು ತುದಿಗೆ ವಾಲುತ್ತದೆ: ಒಂದೋ ಹಾರ, ಜೈಕಾರ, ಸೆಲ್ಫಿ, ಇಲ್ಲವೇ "ಕ್ಯಾಂಟೀನ್ ಬಾಟ್ಲಿ ಸಿಗ್ತಾವೇನ್ರಿ?"

ಅವರ ಚಿಂತೆ ಬೇರೆಯೇ ಇರುತ್ತದೆ. ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಮುಟ್ಟಬೇಕು, ರಜೆಯ ದಿನ ಹಾಳಾಗಬಾರದು, ಎಲ್ಲಿಂದ ಬಂದೆ ಎಲ್ಲಿಗೆ ಹೊರಟೆ ಎಂಬುದು ಊರಿಗೆಲ್ಲ ಗೊತ್ತಾಗಬಾರದು. ಈ ಮೂರನ್ನು ಕಾಯುವುದೇ ಗೌರವ, ಉಳಿದದ್ದು ಹೆಚ್ಚಾಗಿ ನಮ್ಮ ಖುಷಿಗೆ. ಕೆಳಗಿನ ಸೂಚನೆಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಮೊದಲು ಯಾರೆಂದು ನೋಡಿ

ಕಾಡುಬಣ್ಣದ ಬಟ್ಟೆ ತೊಟ್ಟವರೆಲ್ಲ ಸೈನ್ಯದವರಲ್ಲ. ಸಿಆರ್‌ಪಿಎಫ್, ಐಟಿಬಿಪಿ, ಬಿಎಸ್‌ಎಫ್ ಕೇಂದ್ರ ಗೃಹ ಇಲಾಖೆಯ ಪಡೆಗಳು. ಅಲ್ಲಿ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್ ಎಂಬ ಹುದ್ದೆಗಳಿವೆ, ಸಿಪಾಯಿ-ಹವಾಲ್ದಾರ್ ಸೈನ್ಯದ್ದು. ಸಾಂಬ್ರಾದ ಹುಡುಗರು ವಾಯುಪಡೆಯವರು. ಅವರಲ್ಲಿ ಕಾರ್ಪೊರಲ್, ಸಾರ್ಜೆಂಟ್, ವಾರಂಟ್ ಆಫೀಸರ್. ಎಲ್ಲರನ್ನೂ "ಆರ್ಮಿಯವ್ರು" ಅಂದರೆ ಅಪಮಾನವೇನೂ ಆಗದು. ಆದರೆ ಸನ್ಮಾನದ ಫಲಕದಲ್ಲಿ, ಪತ್ರಿಕೆಗೆ ಕೊಡುವ ಸುದ್ದಿಯಲ್ಲಿ ಪಡೆಯ ಹೆಸರು ತಪ್ಪಿದರೆ ಅವರಿಗೆ ನಿಜಕ್ಕೂ ಬೇಸರವಾಗುತ್ತದೆ. ಬರೆಯುವ ಮುಂಚೆ ಒಮ್ಮೆ ಕೇಳಿಬಿಡಿ.

ಸೈನ್ಯದವರ ದರ್ಜೆ ತಿಳಿಯಲು ತೋಳು ಮತ್ತು ಹೆಗಲು ನೋಡಿದರೆ ಸಾಕು. ತೋಳಿನ ಮೇಲೆ 'ವಿ' ಆಕಾರದ ಪಟ್ಟಿ ಒಂದಿದ್ದರೆ ಲಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಪಟ್ಟಿಯೇ ಇಲ್ಲದವರು ಸಿಪಾಯಿ. ಹೆಗಲ ಮೇಲೆ ನಕ್ಷತ್ರವಿದ್ದರೆ ಅದರ ಜೊತೆಗೆ ಕೆಂಪು-ಹಳದಿ-ಕೆಂಪು ಅಡ್ಡಪಟ್ಟಿ ಇದೆಯೇ ಗಮನಿಸಿ. ಇದ್ದರೆ ಅವರು ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್): ಒಂದು ನಕ್ಷತ್ರ ನಾಯಬ್ ಸುಬೇದಾರ್, ಎರಡು ಸುಬೇದಾರ್, ನಕ್ಷತ್ರದ ಬದಲು ಸಿಂಹಲಾಂಛನ ಇದ್ದರೆ ಸುಬೇದಾರ್ ಮೇಜರ್. ಆ ಪಟ್ಟಿ ಇಲ್ಲದಿದ್ದರೆ ಅಧಿಕಾರಿ: ಎರಡು ನಕ್ಷತ್ರ ಲೆಫ್ಟಿನೆಂಟ್, ಮೂರು ಕ್ಯಾಪ್ಟನ್, ಸಿಂಹಲಾಂಛನ ಒಂದೇ ಇದ್ದರೆ ಮೇಜರ್, ಅದರ ಜೊತೆ ಒಂದು ನಕ್ಷತ್ರವಿದ್ದರೆ ಲೆಫ್ಟಿನೆಂಟ್ ಕರ್ನಲ್, ಎರಡಿದ್ದರೆ ಕರ್ನಲ್.

ತಪ್ಪಾಗುವುದು ಹೆಚ್ಚಾಗಿ ಸುಬೇದಾರ್ ಸಾಹೇಬರ ವಿಷಯದಲ್ಲಿ. ಇಪ್ಪತ್ತು-ಇಪ್ಪತ್ತೈದು ವರ್ಷ ಸೇವೆ ಮಾಡಿ, ಸಿಪಾಯಿಯಿಂದ ಮೇಲೆ ಬಂದವರು ಅವರು. ಸೈನ್ಯದೊಳಗೆ ಕರ್ನಲ್ ಕೂಡ ಅವರನ್ನು 'ಸಾಬ್' ಎಂದೇ ಕರೆಯುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಅವರಿಗೆ "ಏ ಜವಾನ್, ಲೈನಿಗೆ ನಿಲ್ಲು" ಅನ್ನುವುದು ನಡೆಯುತ್ತಲೇ ಇರುತ್ತದೆ. ದರ್ಜೆ ತಿಳಿಯದಿದ್ದರೆ 'ಸಾಹೇಬ್ರ' ಅಂದುಬಿಡಿ, ಯಾರಿಗೂ ಕಮ್ಮಿ ಬೀಳುವುದಿಲ್ಲ. ವಯಸ್ಸಾದ ಅವ್ವಂದಿರು ಇಪ್ಪತ್ತರ ಹುಡುಗನಿಗೆ 'ತಮ್ಮಾ' ಅಂದರೆ ಅದೂ ಚಂದವೇ. ಅದೇ ಮಾತು ಅಂಗಡಿಕಾರನ ಬಾಯಲ್ಲಿ ಏಕವಚನದ ಜೊತೆ ಬಂದರೆ ಕೆಡುತ್ತದೆ. ಸಮವಸ್ತ್ರದಲ್ಲಿರುವ ಹೆಣ್ಣುಮಕ್ಕಳಿಗೆ 'ಮೇಡಂ' ಸಾಕು. "ನಿಮ್ಮ ಮನೆಯವ್ರು ಮಿಲ್ಟ್ರಿಯಾಗದಾರೇನ್ರಿ?" ಎಂದು ಅವರನ್ನೇ ಕೇಳುವವರಿದ್ದಾರೆ. ಎದುರಿಗಿರುವ ಬಟ್ಟೆ ಯಾರದೆಂದು ನೋಡಿ ಮಾತಾಡಿ.

ಸಾಮಾನ್ಯ ನಾಗರಿಕರು ಸೆಲ್ಯೂಟ್ ಹೊಡೆಯುವ ಅಗತ್ಯವಿಲ್ಲ. ನಮಸ್ಕಾರ ಅಥವಾ 'ಜೈ ಹಿಂದ್' ಸಾಕು. ಅವರ ಎರಡೂ ಕೈಯಲ್ಲಿ ಸಾಮಾನಿದ್ದರೆ ಕೈಕುಲುಕಲು ಕೈ ಚಾಚಬೇಡಿ. ಎಲ್ಲವನ್ನೂ ಕೆಳಗಿಟ್ಟು ಕೈ ಕೊಡಬೇಕಾಗುತ್ತದೆ, ಮುಜುಗರ.

ಏನು ಕೇಳಬಾರದು

ಎಲ್ಲಿ ಪೋಸ್ಟಿಂಗ್, ಗಡಿಯಲ್ಲಿ ಏನು ನಡೆದಿದೆ, ಯಾವತ್ತು ವಾಪಸ್ ಹೋಗ್ತೀರಿ, ಎಷ್ಟು ಮಂದಿ ಹೊಡೆದಿರಿ, ಪಗಾರ ಎಷ್ಟು: ಈ ಐದೂ ಬೇಡ. ಮೊದಲ ಮೂರಕ್ಕೆ ಉತ್ತರ ಹೇಳುವುದು ಅವರ ಕೆಲಸಕ್ಕೆ ಅಡ್ಡಿ, ನಾಲ್ಕನೆಯದು ಮನಸ್ಸಿಗೆ ಹಿಂಸೆ, ಐದನೆಯದನ್ನು ನಾವು ಯಾರನ್ನೂ ಕೇಳಬಾರದು. ಬದಲಿಗೆ "ಆರಾಮ್ ಅದೀರೇನ್ರಿ? ಊಟ ಆತೇನ್ರಿ? ಮನ್ಯಾಗ ಎಲ್ಲಾರೂ ಚಲೋ ಅದಾರಿಲ್ರಿ?" ಅನ್ನಿ. ತಾವಾಗಿಯೇ ಹೇಳಿದ್ದನ್ನು ಕೇಳಿಸಿಕೊಂಡು ಅಲ್ಲೇ ಬಿಡಿ, ಚಹಾದ ಅಂಗಡಿಯಲ್ಲಿ ಹರಡಬೇಡಿ.

ಅಗ್ನಿವೀರರಿಗೆ "ನಾಲ್ಕ ವರ್ಷದ ಮಿಲ್ಟ್ರಿ" ಎಂಬ ಚುಚ್ಚುಮಾತು ಈ ಕಡೆ ಚಾಲ್ತಿಯಲ್ಲಿದೆ, ವಿಶೇಷವಾಗಿ ಕನ್ಯಾ ಕೇಳಲು ಹೋದಾಗ. 2022ರಲ್ಲಿ ಬಂದ ಈ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ಶೇ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ ನಿಜ. ಅದರ ಚಿಂತೆ ಆ ಹುಡುಗನಿಗೆ ನಮಗಿಂತ ಹೆಚ್ಚಿರುತ್ತದೆ. ಕಾಯಂ ಸಿಪಾಯಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, ಅಗ್ನಿವೀರನಿಗೆ 30. ಆ ಮೂವತ್ತರಲ್ಲಿ ನಾಲ್ಕೈದು ದಿನ ಹೋಗಿಬರುವ ದಾರಿಗೇ ಕರಗುತ್ತವೆ. ಉಳಿದದ್ದರಲ್ಲಿ ಈ ಮಾತು ಕೇಳಿಸಬೇಡಿ.

ಇನ್ನು ಬೆಳಗಾವಿಗೇ ಸೇರಿದ ಒಂದು ಮಾತು. ಭಾಷೆಯ ಜಗಳವನ್ನು ಸಮವಸ್ತ್ರದ ಮೇಲೆ ಹಾಕಬೇಡಿ. ಸೆಂಟರಿನಲ್ಲಿ ತರಬೇತಿಗೆ ಬಂದ ಹುಡುಗ ಸಾತಾರಾದವನಿರಬಹುದು, ಬೈಲಹೊಂಗಲದವನಿರಬಹುದು. ಪಡೆಯೊಳಗಿನ ರೂಢಿಯ ಮಾತು ಹಿಂದಿ. ಭಾನುವಾರ ಔಟ್‌ಪಾಸ್ ಮೇಲೆ ಪೇಟೆಗೆ ಬಂದವನು ಹಿಂದಿಯಲ್ಲಿ ಸಾಬೂನು ಕೇಳಿದರೆ ಸಾಬೂನು ಕೊಡಿ. ಅವನಿಗೆ ಹೊತ್ತು ನಿಗದಿಯಾಗಿರುತ್ತದೆ. ಹತ್ತು ನಿಮಿಷ ತಡವಾಗಿ ಗೇಟಿಗೆ ಬಂದರೂ ಶಿಕ್ಷೆ ಅವನಿಗೇ.

ಕ್ಯಾಂಟೀನ್ ವಿಷಯವನ್ನೂ ಇಲ್ಲೇ ಮುಗಿಸೋಣ. ಸಿಎಸ್‌ಡಿ (ಸೈನ್ಯದ ಕ್ಯಾಂಟೀನ್) ಸರಕು ಸೇವೆಯವರ ಮತ್ತು ಅವರ ಮನೆಯವರ ಬಳಕೆಗೆ. ಕಾರ್ಡಿಗೆ ಮಿತಿ ಇರುತ್ತದೆ, ಹೊರಗೆ ಮಾರುವುದು ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಕಾರ್ಡು ಹೋಗುವುದಷ್ಟೇ ಅಲ್ಲ, ಶಿಸ್ತುಕ್ರಮವೂ ಆಗುತ್ತದೆ. ಬೀಗರ ಮುಲಾಜಿಗೆ ಬಿದ್ದು ತಂದುಕೊಟ್ಟವರು ಪೇಚಿಗೆ ಸಿಕ್ಕಿದ್ದು ಕಡಿಮೆಯೇನಲ್ಲ. ಕೇಳಲೇಬೇಡಿ.

ರೈಲು, ಬಸ್ಸು, ಆಟೊ

ಉತ್ತರದ ಕಡೆ ಹೋಗುವವರು ಬೆಳಗಾವಿಯಿಂದ ಹೆಚ್ಚಾಗಿ ಹಿಡಿಯುವುದು ಗೋವಾ ಎಕ್ಸ್‌ಪ್ರೆಸ್. ದಿಲ್ಲಿ ಮುಟ್ಟಲು ಸುಮಾರು ಒಂದೂವರೆ ದಿನ, ಅಲ್ಲಿಂದ ಮುಂದೆ ಜಮ್ಮು ಅಥವಾ ಗುವಾಹಟಿ ಕಡೆಗೆ ಮತ್ತೊಂದು ಗಾಡಿ. ರಜೆಯಲ್ಲಿ ಓಡಾಡುವವರು ಸಾಮಾನ್ಯವಾಗಿ ಸಾದಾ ಬಟ್ಟೆಯಲ್ಲೇ ಇರುತ್ತಾರೆ. ಕಪ್ಪು ಟ್ರಂಕು, ಪಿಟ್ಠು (ಬೆನ್ನಚೀಲ), ಕತ್ತರಿಸಿದ ಕೂದಲು ನೋಡಿ ಗುರುತು ಹತ್ತಿದರೂ ಬೋಗಿಯಲ್ಲಿ ಗಟ್ಟಿಯಾಗಿ "ಫೌಜಿ ಅದಾರ ನೋಡ್ರಿ" ಎಂದು ಸಾರಬೇಡಿ. ಸಾದಾ ಬಟ್ಟೆ ತೊಟ್ಟದ್ದೇ ಯಾರಿಗೂ ಗೊತ್ತಾಗದಿರಲಿ ಎಂದು.

ಟ್ರಂಕು ಎತ್ತಿಕೊಡುವ ಮೊದಲು "ಹಿಡೀಲ್ರೀ?" ಎಂದು ಕೇಳಿ. ಒಪ್ಪಿದರೆ ಒಂದು ಕಡೆ ಹಿಡಿಯಿರಿ, ನೀವೊಬ್ಬರೇ ಹೊತ್ತು ಮುಂದೆ ಹೋಗಬೇಡಿ. ಸರ್ಕಾರಿ ಸಾಮಾನು ಕಣ್ಮರೆಯಾದರೆ ಜವಾಬು ಅವರೇ ಹೇಳಬೇಕು. ಹತ್ತಿದ ಮೇಲೆ ಕೆಳಗಿನ ಬರ್ತಿನ ಅಡಿ ಜಾಗ ಮಾಡಿಕೊಡಿ. ದೊಡ್ಡ ಟ್ರಂಕು ಮೇಲಿನ ಬರ್ತಿಗೆ ಹೋಗದು, ಹಾದಿಯಲ್ಲಿಟ್ಟರೆ ರಾತ್ರಿಯಿಡೀ ಎಬ್ಬಿಸುತ್ತಾರೆ. ಆಮೇಲೆ ಮಲಗಲು ಬಿಡಿ. ಶಸ್ತ್ರ ಹಿಡಿದ ತುಕಡಿ ಗುಂಪಾಗಿ ಹೊರಟಿದ್ದರೆ ಅವರ ಕಂಪಾರ್ಟ್‌ಮೆಂಟಿನಲ್ಲಿ ಖಾಲಿ ಸೀಟು ಕಂಡರೂ ಕೂರಬೇಡಿ, ಮಕ್ಕಳನ್ನು "ಬಂದೂಕ ನೋಡ್ಕೊಂಡ್ ಬಾ" ಎಂದು ಕಳಿಸಬೇಡಿ.

ತಿನ್ನಲು ಏನಾದರೂ ಕೊಡುವ ಆಸೆಯಿದ್ದರೆ ಒಂದು ತಿಳಿದಿರಲಿ: ರೈಲಿನಲ್ಲಿ ಅಪರಿಚಿತರು ಕೊಟ್ಟದ್ದು ತಿನ್ನಬಾರದೆಂದು ಅವರಿಗೆ ಹೇಳಿ ಕಳಿಸಿರುತ್ತಾರೆ. ಮನೆಯ ಡಬ್ಬಿ ಬೇಡವೆಂದರೆ ಸಿಟ್ಟಾಗಬೇಡಿ. ಸೀಲ್ ಮಾಡಿದ ಅಂಗಡಿಯ ಪೊಟ್ಟಣವಾದರೆ ತೆಗೆದುಕೊಳ್ಳುತ್ತಾರೆ. ಪರಿಚಯದವರ ಮಗನಿಗೆ ಕಟ್ಟಿಕೊಡುವುದಾದರೆ ಕುಂದಾ ಬಿಡಿ. ಹಾಲಿನದು, ಬೇಸಿಗೆಯ ಬೋಗಿಯಲ್ಲಿ ಎರಡನೇ ದಿನಕ್ಕೇ ವಾಸನೆ ಹಿಡಿಯುತ್ತದೆ. ಗೋಕಾಕ ಅಥವಾ ಅಮೀನಗಡದ ಕರದಂಟು ವಾರಗಟ್ಟಲೆ ಇರುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ಇನ್ನೂ ಚಲೋ. ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಪುಣೆ ದಾಟುವಷ್ಟರಲ್ಲಿ ಪುಡಿಯಾಗಿ, ಬೆವರಿ ಮೆತ್ತಗಾಗುತ್ತದೆ.

ಹೋಟೆಲಿನಲ್ಲಿ ಬಿಲ್ ಕೊಡುವ ಮನಸ್ಸಿದ್ದರೆ ಗಲ್ಲೆಗೆ ಕೊಟ್ಟು ಸುಮ್ಮನೆ ಹೋಗಿ. ಮಾಲೀಕರಾದರೆ ಒಮ್ಮೆ "ಬ್ಯಾಡ್ರಿ" ಅನ್ನಿ. ಅವರು ಮತ್ತೆ ರೊಕ್ಕ ಮುಂದೆ ಮಾಡಿದರೆ ತೆಗೆದುಕೊಳ್ಳಿ. ಬಲವಂತ ಮಾಡಿದರೆ ಮುಂದಿನ ಸಲ ಆ ಹೋಟೆಲಿಗೆ ಬರುವುದಿಲ್ಲ. ಆಟೊದವರಿಗೆ ಹೇಳುವುದು ಒಂದೇ: ನಸುಕಿನಲ್ಲಿ ಟ್ರಂಕು ಹೊತ್ತು ಇಳಿದ ಹೊಸ ಹುಡುಗನಿಗೆ ಊರಿನವರಿಗೆ ಹೇಳುವ ದರವನ್ನೇ ಹೇಳಿ.

ರಸ್ತೆ ಮತ್ತು ಗೇಟು

ಕ್ಯಾಂಪಿನ ರಸ್ತೆಗಳಲ್ಲಿ ಬೆಳಗಿನ ಜಾವ ತುಕಡಿಗಳು ಓಡುತ್ತವೆ. ಹಿಂದಿನಿಂದ ಹಾರ್ನ್ ಹೊಡೆಯಬೇಡಿ. ಸಾಲು ಒಮ್ಮೆಲೇ ಪಕ್ಕಕ್ಕೆ ಸರಿಯಲಾರದು, ಮುಂದಿನವನ ಹೆಜ್ಜೆಯ ಮೇಲೆ ಹಿಂದಿನವನ ಹೆಜ್ಜೆ ಇರುತ್ತದೆ. ವೇಗ 25 ಕಿ.ಮೀ.ಗೆ ಇಳಿಸಿ, ಒಂದು ಆಳಿನಷ್ಟು ಅಂತರ ಬಿಟ್ಟು ದಾಟಿ. ಸಾಲಿನ ನಡುವೆ ಬೈಕು ತೂರಿಸುವುದಂತೂ ಬೇಡವೇ ಬೇಡ.

ಎನ್‌ಎಚ್ 48ರಲ್ಲಿ ಸೈನ್ಯದ ಗಾಡಿಗಳ ಸಾಲು ಸಿಕ್ಕರೆ ಗುರುತು ಸುಲಭ: ನಂಬರ್ ಪ್ಲೇಟಿನಲ್ಲಿ ಮೊದಲು ಮೇಲ್ಮುಖದ ಬಾಣ, ನಂತರ ಅಂಕಿ. ಗಾಡಿಗಳ ನಡುವೆ ಬಿಟ್ಟ ಅಂತರ ನಿಮಗೆಂದು ಬಿಟ್ಟದ್ದಲ್ಲ. ಭಾರದ ಲಾರಿ ನಿಲ್ಲಲು ಬೇಕಾದ ದೂರ ಅದು. ನೀವು ನಡುವೆ ನುಗ್ಗಿ ಬ್ರೇಕ್ ಹಾಕಿದರೆ ಹಿಂದಿನ ಲಾರಿ ನಿಮ್ಮ ಮೇಲೆಯೇ ಬರುತ್ತದೆ. ನಾಲ್ಕು ಪಥದಲ್ಲಿ ಪೂರ್ತಿ ಸಾಲನ್ನು ಒಂದೇ ಓಟಕ್ಕೆ ದಾಟಿ. ಬಾಗಲಕೋಟೆ-ವಿಜಯಪುರದ ಕಡೆಯ ಎರಡು ಪಥದ ರಸ್ತೆಯಲ್ಲಾದರೆ ಕೊನೆಯ ಗಾಡಿಯವರು ಕೈಸನ್ನೆ ಮಾಡುವವರೆಗೆ ಹಿಂದೆಯೇ ಇರಿ.

ಗೇಟಿನ ಹತ್ತಿರ ರಾತ್ರಿ ಹೋದರೆ ಹೆಡ್‌ಲೈಟ್ ಆರಿಸಿ, ಗಾಡಿಯ ಒಳಗಿನ ದೀಪ ಹಚ್ಚಿ, ಕಾಚು ಇಳಿಸಿ, ಕೈ ಸ್ಟೇರಿಂಗ್ ಮೇಲಿರಲಿ. ಸಂತ್ರಿ ಕಣ್ಣಿಗೆ ಬೆಳಕು ಬಿಟ್ಟರೆ ಒಳಗೆ ಯಾರಿದ್ದಾರೆಂದು ಅವನಿಗೆ ಕಾಣುವುದಿಲ್ಲ, ಕಾಣದಿದ್ದರೆ ಮಾತು ಗಡುಸಾಗುತ್ತದೆ. ಗುರುತಿನ ಚೀಟಿ ಮುಂಚೆಯೇ ಕೈಯಲ್ಲಿರಲಿ. "ನಾ ಇಲ್ಲೇ ಇರಾಂವ, ಗೊತ್ತಿಲ್ಲೇನು?" ಎಂಬ ವಾದ ಅಲ್ಲಿ ನಡೆಯದು. ಅವನು ಹೊಸಬನಿರಬಹುದು, ನಿಮ್ಮನ್ನು ಗುರುತಿಸಿದರೂ ಚೀಟಿ ನೋಡಲೇಬೇಕೆಂಬ ಆದೇಶ ಇರಬಹುದು.

ಫೋಟೊ

ಹೆಚ್ಚು ಹಾನಿ ಮಾಡುವುದು ಇದೇ. ಸಮವಸ್ತ್ರದ ಬಲ ಎದೆಯ ಮೇಲೆ ಹೆಸರಿರುತ್ತದೆ, ಹೆಗಲ ಮೇಲೆ ರೆಜಿಮೆಂಟಿನ ಗುರುತು, ತೋಳಿನ ಮೇಲೆ ಯಾವ ದಳಕ್ಕೆ ಸೇರಿದವನೆಂಬ ಚಿಹ್ನೆ. ಒಂದು ಸ್ಪಷ್ಟ ಸೆಲ್ಫಿಯಲ್ಲಿ ಹೆಸರು, ದರ್ಜೆ, ಪಡೆ, ಜಾಗ, ದಿನ ಐದೂ ಸಿಗುತ್ತವೆ. ಅದಕ್ಕೆ "ನಮ್ಮೂರ ಹುಲಿ, ನಾಳೆ ಗಡಿಗೆ" ಎಂದು ಬರೆದು ತಾಯಿ-ತಂದೆಯನ್ನೂ ಟ್ಯಾಗ್ ಮಾಡಿದರೆ ಮನೆಯ ವಿಳಾಸವೂ ಸೇರಿದಂತೆ. ಇಂಥದ್ದೇ ಕಾರಣಕ್ಕೆ 2020ರ ಜುಲೈನಲ್ಲಿ ಸೈನ್ಯ ತನ್ನವರಿಗೆ ಫೇಸ್‌ಬುಕ್ ಸೇರಿ 89 ಆ್ಯಪ್ ತೆಗೆದುಹಾಕಲು ಹೇಳಿತ್ತು. ತಾವು ಹಾಕಬಾರದೆಂದು ನಿಯಮವಿರುವುದನ್ನು ನೀವು ಅವರ ಹೆಸರಲ್ಲಿ ಹಾಕಿದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರು.

ಹಾಗಾಗಿ ಮೊದಲು ಕೇಳಿ, ಇಲ್ಲ ಅಂದರೆ ಅಲ್ಲಿಗೆ ಬಿಡಿ. ಒಪ್ಪಿದರೆ ಗೇಟು, ಗಾಡಿ, ಶಸ್ತ್ರ, ನಂಬರ್ ಪ್ಲೇಟ್ ಹಿನ್ನೆಲೆಯಲ್ಲಿ ಬಾರದಂತೆ ನಿಲ್ಲಿ. ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ. ಫೋಟೊ ಮನೆಯಲ್ಲಿರಲಿ, ಹಾಕಲೇಬೇಕೆಂದರೆ ಎದೆ-ತೋಳಿನ ಗುರುತು ಕತ್ತರಿಸಿ, ಅವರು ಊರು ಬಿಟ್ಟ ಮೇಲೆ, ದಿನಾಂಕ-ರೈಲು ಬರೆಯದೆ ಹಾಕಿ. ಅವರ ಬೆರೆ ಟೋಪಿಯನ್ನು ತೆಗೆದು ಮಗುವಿನ ತಲೆಗೆ ಇಟ್ಟು ಫೋಟೊ ಹೊಡೆಯುವ ಚಾಳಿ ಬಿಡಿ. ಟೋಪಿಯ ಆಕಾರ, ಲಾಂಛನದ ಜಾಗ ಎಲ್ಲಕ್ಕೂ ಅಳತೆ ಇದೆ. ಮಗು ಹಿಂಡಿದ ಟೋಪಿಯನ್ನು ಮತ್ತೆ ನೆನೆಸಿ, ಮಡಿಸಿ, ಒಣಗಿಸಿ ಆಕಾರಕ್ಕೆ ತರಬೇಕಾಗುತ್ತದೆ. ಕ್ಯಾಂಪಿನ ಫೋಟೊ ನಿಷೇಧದ ಫಲಕ ಡ್ರೋನಿಗೂ ಅನ್ವಯ, ಮದುವೆಯ ಡ್ರೋನಿಗೂ.

ಬಂದ ಸಂದೇಶವನ್ನು ಮುಂದೆ ತಳ್ಳುವುದೂ ಇದೇ ಸಾಲಿನದು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಮಾಹಿತಿಯನ್ನು ಪತ್ರಿಕೆಯವರಿಗೆ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಅವರ ಬೆಳಗಾವಿ ಜಿಲ್ಲೆಯ ಗಂಡನ ಮನೆ ಮೇಲೆ ದಾಳಿಯಾಗಿದೆ ಎಂಬ ಪೋಸ್ಟ್ ಹರಿದಾಡಿತು. ಜಿಲ್ಲಾ ಪೊಲೀಸರು ಅದು ಸುಳ್ಳೆಂದು ಹೇಳಬೇಕಾಯಿತು. ಸೈನಿಕರ ಮನೆಯ ಬಗ್ಗೆ ಏನೇ ಬಂದರೂ ಠಾಣೆಗೆ ಒಂದು ಫೋನ್ ಮಾಡಿ ಕೇಳಿ, ಗುಂಪಿಗೆ ಹಾಕಬೇಡಿ.

ಸನ್ಮಾನ ಮಾಡುವುದಾದರೆ

ಸೇವೆ ಮುಗಿಸಿ ಬಂದವರನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುವುದು ಈಗ ಈ ಕಡೆ ಪದ್ಧತಿಯೇ ಆಗಿದೆ. ಡೊಳ್ಳು, ಹೂವು, ಭಂಡಾರ, ಕೆಲವೆಡೆ ಜೆಸಿಬಿಯಿಂದ ಹಾರ. ಜೆಸಿಬಿ ಹಾರದಿಂದ ಯಾರ ಗೌರವ ಹೆಚ್ಚುತ್ತದೋ ದೇವರೇ ಬಲ್ಲ. ಕೆಲವು ವಿಷಯ ಮಾತ್ರ ಮುಂಚೆಯೇ ಕೂತು ಗೊತ್ತುಮಾಡಿಕೊಳ್ಳಿ.

ಮೆರವಣಿಗೆಗೆ ಸಮವಸ್ತ್ರ ತೊಡಿ ಎಂದು ಒತ್ತಾಯ ಬೇಡ. ನಿವೃತ್ತರು ಯಾವಾಗ ತೊಡಬಹುದೆಂಬುದಕ್ಕೆ ನಿಯಮವಿದೆ, ಅದು ಅವರಿಗೆ ಗೊತ್ತು. ಇನ್ನೂ ಸೇವೆಯಲ್ಲಿದ್ದು ಸಮವಸ್ತ್ರದಲ್ಲೇ ಬಂದವರಿಗೆ ಬೆರೆ ತೆಗೆಸಿ ಪಟಕಾ ಸುತ್ತಬೇಡಿ, ಪಟಕಾವನ್ನು ಕೈಗೆ ಕೊಡಿ. ಭಂಡಾರ ಹಣೆಗೆ ಸಾಕು. ಬಟ್ಟೆಯ ಮೇಲೆ ಬಿದ್ದ ಅರಿಷಿಣ ಎಷ್ಟು ಒಗೆದರೂ ಪೂರ್ತಿ ಹೋಗದು, ಸಾಬೂನು ತಾಗಿದರೆ ಕೆಂಪಾಗುತ್ತದೆ. ಪದಕಗಳು ಎಡ ಎದೆಯ ಮೇಲಿರುತ್ತವೆ. ಹಾರದ ದಾರ ಅದರ ಪಿನ್ನಿಗೆ ಸಿಕ್ಕಿ ಎಳೆದರೆ ಬಟ್ಟೆ ಹರಿಯುತ್ತದೆ. ಹಾರ ಹಾಕಿ, ಕೂಡಲೇ ತೆಗೆದು ಪಕ್ಕದವರಿಗೆ ಕೊಡಲು ಬಿಡಿ.

ಬಾವುಟದ ವಿಷಯದಲ್ಲಿ ಧ್ವಜ ಸಂಹಿತೆ ಸ್ಪಷ್ಟವಾಗಿದೆ. ತ್ರಿವರ್ಣವನ್ನು ಜೀಪಿನ ಬಾನೆಟ್ಟಿಗೆ, ಬದಿಗೆ, ಹಿಂದಕ್ಕೆ ಹೊದಿಸುವಂತಿಲ್ಲ, ಅದರ ಮೇಲೆ ಹೆಸರು ಬರೆಸುವಂತಿಲ್ಲ. ಮಕ್ಕಳಿಗೆ ಹಂಚಿದ ಕಾಗದದ ಬಾವುಟಗಳನ್ನು ವಾಪಸ್ ಸಂಗ್ರಹಿಸಲು ಇಬ್ಬರನ್ನು ನೇಮಿಸಿ. ಮಾರನೇ ದಿನ ಚರಂಡಿಯಲ್ಲಿ ಕಂಡರೆ ಮಾಡಿದ ಸನ್ಮಾನಕ್ಕೆ ಅರ್ಥವಿಲ್ಲ. ಪಟಾಕಿ ಹಚ್ಚುವ ಮುಂಚೆ ಅವರಿಗೆ ಹೇಳಿ. ಗುಂಡಿನ ಸದ್ದಿನಲ್ಲಿ ಕೆಲಸ ಮಾಡಿದವರ ಮೈ ಒಮ್ಮೆಲೇ ಬೆಚ್ಚುತ್ತದೆ, ಹತ್ತು ಮಂದಿಯ ಮುಂದೆ ಹಾಗಾದರೆ ಅವರಿಗೆ ನಾಚಿಕೆ. ಹಚ್ಚದೇ ಇದ್ದರೆ ಇನ್ನೂ ಚಲೋ.

ವೇದಿಕೆಯ ಕಾರ್ಯಕ್ರಮ ಮುಕ್ಕಾಲು ತಾಸು ಮೀರಬಾರದು. ಮೊದಲ ಮಾತು ಅವರದೇ ಇರಲಿ. ಐದು ಮಂದಿ ಮುಖಂಡರ ಭಾಷಣ ಮುಗಿದು ಕೊನೆಗೆ "ಎರಡ ಮಾತ ಹೇಳ್ರಿ" ಎನ್ನುವ ಹೊತ್ತಿಗೆ ಜನ ಊಟಕ್ಕೆ ಎದ್ದಿರುತ್ತಾರೆ. ಮನೆಯ ಹೆಣ್ಣುಮಕ್ಕಳನ್ನೂ ವೇದಿಕೆಗೆ ಕರೆಯಿರಿ, ಅಷ್ಟು ವರ್ಷ ಮನೆ-ಹೊಲ ನಡೆಸಿದವರು ಅವರು.

ಅವರು ಊರಲ್ಲಿಲ್ಲದಾಗ

ರಸ್ತೆಯಲ್ಲಿ ಜೈ ಹಿಂದ್ ಎಂದವರೇ ಹೊಲದ ಬದು ಎರಡು ಗೆರೆ ಒಳಗೆ ತಳ್ಳಿದ್ದೂ ಉಂಟು. ಯೋಧರ ಮನೆಯ ಪಕ್ಕದ ಹೊಲದವರು ಹದ್ದುಬಸ್ತು ಅಳತೆ ಮಾಡಿಸುವುದಿದ್ದರೆ ಅವರ ರಜೆ ಕೇಳಿ ಅರ್ಜಿ ಹಾಕಿ. ಅಷ್ಟು ಕಾಯಲಾಗದಿದ್ದರೆ ಅಳತೆಯ ದಿನ ಅವರ ಪರವಾಗಿ ಯಾರು ನಿಲ್ಲುತ್ತಾರೆಂದು ಫೋನಿನಲ್ಲಿ ಕೇಳಿಕೊಳ್ಳಿ.

ತೊಂದರೆಗೆ ಸಿಕ್ಕ ಯೋಧರ ಮನೆಯವರಿಗೆ ದಾರಿ ಹೀಗಿದೆ. ಯೋಧ ತನ್ನ ಕಮಾಂಡಿಂಗ್ ಅಧಿಕಾರಿಯ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು. ಅದರಲ್ಲಿ ಸರ್ವೆ ನಂಬರ್, ಹಿಸ್ಸಾ, ಒತ್ತುವರಿ ಮಾಡಿದವರ ಹೆಸರು, ಪಹಣಿಯ ಪ್ರತಿ ಇರಲಿ. "ನಮ್ಮ ಹೊಲ ಒತ್ತ್ಯಾರ" ಎಂದಷ್ಟೇ ಬರೆದ ಪತ್ರ ತಹಶೀಲ್ದಾರ್ ಕಚೇರಿಯಲ್ಲಿ ಮಾಹಿತಿ ಕೇಳಿ ತಿರುಗಿ ಬರುತ್ತದೆ, ಎರಡು ತಿಂಗಳು ಹೋಗುತ್ತವೆ. ದಾವೆ ಕೋರ್ಟಿಗೆ ಹೋಗಿದ್ದರೆ 1925ರ ಭಾರತೀಯ ಸೈನಿಕರ (ದಾವೆ) ಕಾಯ್ದೆ ಇದೆ. ವಿಶೇಷ ಅಥವಾ ಯುದ್ಧ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಹಾಜರಾಗಲಾರನೆಂದು ಪ್ರಮಾಣಪತ್ರ ಬಂದರೆ ಕೋರ್ಟು ವಿಚಾರಣೆ ತಡೆಹಿಡಿಯಬೇಕು. ಅವನಿಲ್ಲದಾಗ ಏಕಪಕ್ಷೀಯವಾಗಿ ಆದ ಡಿಕ್ರಿಯನ್ನು ರದ್ದು ಮಾಡಿ ಎಂದೂ ಕೇಳಬಹುದು. ಎಷ್ಟೋ ವಕೀಲರು ಇದನ್ನು ತಾವಾಗಿ ಎತ್ತುವುದಿಲ್ಲ, ನೀವೇ ನೆನಪಿಸಿ.

ವೇಷ ಮತ್ತು ಮೋಸ

ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸಮವಸ್ತ್ರ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಾಲೆಯ ವೇಷಭೂಷಣಕ್ಕೆ ಇದು ತಾಗದು, ನಂಬಿಸುವ ಉದ್ದೇಶ ಅಲ್ಲಿಲ್ಲ. ಆದರೂ ಅದೇ ಮಾದರಿಯ ಪ್ಯಾಂಟು-ಜಾಕೆಟ್ ಹಾಕಿ ಓಡಾಡುವುದು ಬೇಡ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದವರು ಸೈನ್ಯದ ಬಟ್ಟೆಯಲ್ಲೇ ಬಂದಿದ್ದರು. ಆಮೇಲೆ ಸೈನ್ಯ ನಾಗರಿಕರಿಗೂ ಅಂಗಡಿಗಳಿಗೂ ಈ ಬಗ್ಗೆ ಸೂಚನೆ ಕೊಟ್ಟಿತು. 2022ರ ಜನವರಿ 15ರಂದು ಬಿಡುಗಡೆಯಾದ ಹೊಸ ಮಾದರಿಯ ವಿನ್ಯಾಸದ ಹಕ್ಕನ್ನು ಸೈನ್ಯ ನೋಂದಾಯಿಸಿಕೊಂಡಿದೆ, ಬಟ್ಟೆ ಅಂಗಡಿಯವರು ಎಚ್ಚರವಿರಲಿ.

ಮನೆ ಬಾಡಿಗೆಗೆ ಕೊಡುವವರಿಗೆ ಬರುವ ಕರೆ ಹೀಗಿರುತ್ತದೆ: "ನಾನು ಆರ್ಮಿಯಲ್ಲಿದ್ದೇನೆ, ಬೆಳಗಾವಿಗೆ ವರ್ಗವಾಗಿದೆ, ಮನೆ ನೋಡುವುದು ಬೇಡ, ಅಡ್ವಾನ್ಸ್ ಈಗಲೇ ಹಾಕುತ್ತೇನೆ." ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕೂಡಲೇ ಬರುತ್ತವೆ. ನಂತರ "ಒಂದು ರೂಪಾಯಿ ಕಳಿಸಿ, ಈ ಕೋಡ್ ಸ್ಕ್ಯಾನ್ ಮಾಡಿ." ಹಣ ಪಡೆಯಲು ಸ್ಕ್ಯಾನ್ ಮಾಡುವುದಾಗಲಿ ಪಿನ್ ಒತ್ತುವುದಾಗಲಿ ಬೇಕಿಲ್ಲ, ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದೇ ಅರ್ಥ. ನಿಜವಾದ ಸೈನಿಕರು ಗುರುತಿನ ಚೀಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸುವುದಿಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಭರ್ತಿ ಮಾಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳುವವರ ಮೈಮೇಲೂ ಇದೇ ಬಟ್ಟೆ ಇರುತ್ತದೆ. ಸೈನ್ಯದ ಭರ್ತಿ ಹಣಕ್ಕೆ ಆಗುವುದಿಲ್ಲ.

ಪಾರ್ಥಿವ ಶರೀರ ಊರಿಗೆ ಬಂದಾಗ

ಸುದ್ದಿ ಬಂದ ತಾಸಿನಲ್ಲೇ ಊರು ಸೇರುತ್ತದೆ. ಒಳ್ಳೆಯ ಮನಸ್ಸಿದ್ದೂ ಗೊಂದಲವಾಗುವುದು ಆಗಲೇ. ಊರಿನ ನಾಲ್ಕು ಮಂದಿ ಜವಾಬ್ದಾರಿ ಹಂಚಿಕೊಳ್ಳಲಿ.

1. ಮನೆಯವರಿಗೆ ಅಧಿಕೃತವಾಗಿ ತಿಳಿಸುವ ಮುನ್ನ ಹೆಸರು, ಫೋಟೊ ಹಾಕಬೇಡಿ. ತಾಯಿಗೆ ಮೊದಲು ಗೊತ್ತಾಗುವುದು ಪಕ್ಕದ ಮನೆಯ ಮೊಬೈಲಿನಿಂದ ಆಗಬಾರದು.

2. ಸೈನ್ಯದವರು ಮತ್ತು ತಹಶೀಲ್ದಾರರ ಜೊತೆ ಮಾತಾಡಲು ಒಬ್ಬರೇ ಇರಲಿ. ಸಾಂಬ್ರಾ ಅಥವಾ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಊರಿನವರೆಗೆ ದಾರಿ, ನಿಲ್ಲುವ ಜಾಗ, ಹೊತ್ತು ಅವರೇ ಕೇಳಿ ತಿಳಿಸಲಿ. ಪ್ರತಿ ಊರಿನ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿದರೆ ಸಂಜೆಯಾಗಿ ಬೆಳಕು ಹೋಗುತ್ತದೆ. ಓಣಿಯಲ್ಲಿ ಜೋತುಬಿದ್ದ ಕರೆಂಟಿನ ತಂತಿಯನ್ನು ಹೆಸ್ಕಾಂನವರಿಗೆ ಹೇಳಿ ಮೇಲೆ ಕಟ್ಟಿಸಿ.

3. ಸಂಸ್ಕಾರದ ಪದ್ಧತಿಯನ್ನು ಮುಂಚೆಯೇ ಅಧಿಕಾರಿಗೆ ಹೇಳಿ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುವ ರೂಢಿಯಿದೆ, ಶರೀರ ಬರುವುದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ತೆರೆಯಬಹುದೇ ಎಂಬುದು ಶರೀರದ ಸ್ಥಿತಿಯ ಮೇಲೆ ನಿಂತಿದೆ. ಅದನ್ನು ಕೇಳಿ, ಸ್ವಾಮಿಗಳೊಂದಿಗೆ ಮಾತಾಡಿ, ನಂತರ ಕುಣಿ ತೋಡಿ. ಪೆಟ್ಟಿಗೆ ಸಮೇತ ಇಡುವುದಾದರೆ ಅದರ ಅಳತೆ ಫೋನಿನಲ್ಲೇ ಕೇಳಿಕೊಳ್ಳಿ. ಶರೀರ ಎದುರಿಗಿಟ್ಟುಕೊಂಡು ಕುಣಿ ಅಗಲ ಮಾಡುವ ಪರಿಸ್ಥಿತಿ ಮನೆಯವರಿಗೆ ಬರಬಾರದು.

4. ಜಾಗ ಸಮತಟ್ಟಾಗಿರಲಿ. ಗೌರವರಕ್ಷೆಯವರು ಸಾಲಾಗಿ ನಿಲ್ಲಲು, ಬ್ಯುಗುಲ್‌ನವರಿಗೆ, ಮನೆಯವರಿಗೆ ಮೂರು ಬೇರೆ ಜಾಗ ಬಿಟ್ಟು ಹಗ್ಗ ಕಟ್ಟಿ. ಗುಂಡು ಹಾರಿಸುವವರ ಮುಂದೆ ಯಾರೂ ಇರಕೂಡದು. ಹಾರಿಸುವುದು ಖಾಲಿ ಮದ್ದಾದರೂ ಹತ್ತಿರದಲ್ಲಿ ಸುಡುತ್ತದೆ. ಬಿದ್ದ ಕಾಡತೂಸಿನ ಖೋಕಾ ನೆನಪಿಗೆಂದು ಎತ್ತಿಕೊಳ್ಳಬೇಡಿ. ಎಣಿಸಿ ವಾಪಸ್ ಕೊಡಬೇಕು, ಒಂದು ಕಡಿಮೆಯಾದರೂ ಆ ತುಕಡಿ ಊರು ಬಿಡುವಂತಿಲ್ಲ.

5. ಬಾವುಟದ ಕೇಸರಿ ಭಾಗ ತಲೆಯ ಕಡೆಗೆ ಇರುತ್ತದೆ. ಹೂಹಾರ ರಾಶಿ ಹಾಕಿ ಅದನ್ನು ಮುಚ್ಚಬೇಡಿ, ಹೂವನ್ನು ಪಕ್ಕದಲ್ಲಿಡಿ. ಬಾವುಟವನ್ನು ಕುಣಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಮಡಿಸಿ ಮನೆಯವರ ಕೈಗೆ ಕೊಡುತ್ತಾರೆ. ಆ ಹೊತ್ತಿಗೆ ಹೆಂಡತಿ ಅಥವಾ ತಾಯಿ ಮುಂದೆ ಇರುವಂತೆ ನೋಡಿಕೊಳ್ಳಿ. ಮುಖಂಡರು ಅಡ್ಡ ನಿಂತರೆ ಹಿಂದೆ ಸರಿಸುವ ಧೈರ್ಯವಿರುವ ಒಬ್ಬ ಹಿರಿಯರನ್ನು ಅಲ್ಲೇ ನಿಲ್ಲಿಸಿ.

6. ಜೈಕಾರ ಮೆರವಣಿಗೆಯಲ್ಲಿರಲಿ. ಬ್ಯುಗುಲ್ ಶುರುವಾದೊಡನೆ ಬಾಯಿ, ಮೊಬೈಲು, ಮೈಕು ಎಲ್ಲ ಬಂದ್.

ಮನೆಗೆ ಹೋದಾಗ ಪರಿಹಾರ ಎಷ್ಟು ಬಂತೆಂದು ಕೇಳಬೇಡಿ. ಯೋಧನ ಹೆಂಡತಿಯ ಬಳೆ-ಕುಂಕುಮದ ಬಗ್ಗೆ ಓಣಿಯವರು ತೀರ್ಮಾನ ಕೊಡುವುದೂ ಬೇಡ. ಕೈಲಾದರೆ ಕಾಗದಪತ್ರಕ್ಕೆ ನೆರವಾಗಿ: ಮರಣ ಪ್ರಮಾಣಪತ್ರದ ಹತ್ತು ಪ್ರತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮದುವೆ ಮತ್ತು ಮಕ್ಕಳ ದಾಖಲೆ. ಹೆಸರಿನ ಒಂದು ಅಕ್ಷರ ಬೇರೆ ಇದ್ದರೂ ಪಿಂಚಣಿ ನಿಲ್ಲುತ್ತದೆ. ಸೈನ್ಯದ ದಾಖಲೆಯಲ್ಲಿ ತಂದೆಯ ಹೆಸರು, ಊರಿನ ಹೆಸರು, ಅಡ್ಡಹೆಸರು ಬಂದಿರುವ ಕ್ರಮಕ್ಕೂ ಆಧಾರಿಗೂ ಈ ಕಡೆ ತಾಳೆಯಾಗುವುದು ಅಪರೂಪ, ಅದನ್ನು ಮೊದಲು ನೋಡಿ. ಪತ್ರವ್ಯವಹಾರ ನಡೆಯುವುದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿನ ಜೊತೆ. ಊರು ಬೆಳಗಾವಿ ಜಿಲ್ಲೆಯಾದ ಮಾತ್ರಕ್ಕೆ ಕ್ಯಾಂಪಿನ ಸೆಂಟರಿನಲ್ಲಿ ಕಾಗದ ಇರುವುದಿಲ್ಲ; ಮದ್ರಾಸ್ ರೆಜಿಮೆಂಟಿನವರದು ವೆಲ್ಲಿಂಗ್ಟನ್ನಿನಲ್ಲಿ, ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರಿನಲ್ಲಿ. ಯಾವುದೆಂದು ತಿಳಿಯದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಸೇವಾ ಸಂಖ್ಯೆ ಹಿಡಿದು ಹೋಗಿ. ಆ ಸಂಖ್ಯೆ ಮನೆಗೆ ಬಂದ ಹಳೆಯ ಪತ್ರಗಳಲ್ಲಿ ಹೆಸರಿನ ಮೊದಲು ಇರುತ್ತದೆ.